ಭಾವ ನೋಡಿಬಂದ ಗರಿನಕ್ಷತ್ರ

ಆ ಜ್ವಾಲಾಮುಖಿ ದ್ವೀಪಗಳಿಗೆ ನಾನು ಹೋಗಿಲ್ಲ. ಇದನ್ನು ಮೊದಲೇ ಬರೆದಿಟ್ಟುಬಿಡುತ್ತೇನೆ, ಏಕೆಂದರೆ ಬರೆಯುತ್ತ ಹೋದಂತೆ ನಾನೂ ಹೋಗಿದ್ದೆನೇನೋ ಅನ್ನಿಸಲು ಶುರುವಾಗುತ್ತದೆ. ಕಣ್ಣು ಮುಚ್ಚಿದರೆ ನೀರಿನಡಿಯ ಕಪ್ಪು ಮರಳು ಕಾಣುತ್ತದೆ. ಅದು ಇಳಿಜಾರಾಗಿ ಎಲ್ಲಿಗೋ ಇಳಿದು ನೀಲಿಯಲ್ಲಿ ಮುಗಿದುಹೋಗುವುದು ಕಾಣುತ್ತದೆ. ಅದೆಲ್ಲ ನಮ್ಮ ಭಾವನ ಸರಕು. ನನ್ನದು ಅನ್ನುವುದು ಹೊಟ್ಟೆಕಿಚ್ಚು ಒಂದೇ; ಅದರ ವಿಚಾರದಲ್ಲಿ ಮಾತ್ರ ನನ್ನ ನೆನಪನ್ನು ಪೂರ್ತಿ ನಂಬುತ್ತೇನೆ.

ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅರವತ್ತರ ದಶಕದ ನಡುವಿನಲ್ಲಿ ನಾನು ಕೊಚ್ಚಿಯ ಎರ್ನಾಕುಲಕ್ಕೆ ಬಂದದ್ದು ಕಡಲಿನ ಜೀವಿಗಳನ್ನು ಅಭ್ಯಾಸ ಮಾಡುವ ಒಂದು ಕಚೇರಿಯ ಕೆಲಸಕ್ಕೆ. ಕಡಲು ಅಂದರೆ ನನ್ನ ಪಾಲಿಗೆ ಒಂದು ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಮರದ ಬೀರುಗಳು, ಬೀರುಗಳ ತುಂಬ ಗಾಜಿನ ಜಾಡಿಗಳು. ಹಡಗುಗಳು ಎಲ್ಲೆಲ್ಲಿಂದಲೋ ಬಲೆ ಎಳೆದು ತಂದದ್ದನ್ನು ಸ್ಪಿರಿಟ್ಟಿನಲ್ಲಿ ಹಾಕಿ ನಮಗೆ ಕಳಿಸುತ್ತಿದ್ದವು. ನನ್ನ ಪಾಲಿಗೆ ಬಂದದ್ದು ಗರಿನಕ್ಷತ್ರ. ಅದು ನಕ್ಷತ್ರಮೀನಿನ ದೂರದ ನೆಂಟ. ನಡುವೆ ಕೋಟಿನ ಗುಂಡಿಯಷ್ಟು ಒಡಲು, ಸುತ್ತ ಹತ್ತು ತೋಳು, ಒಂದೊಂದು ತೋಳೂ ಹಕ್ಕಿಯ ಗರಿಯ ಹಾಗೆ. ಬಂಡೆಯನ್ನು ಹಿಡಿದುಕೊಳ್ಳಲು ಅಡಿಯಲ್ಲಿ ಸಣ್ಣ ಕೊಕ್ಕೆಗಳು. ಸ್ಪಿರಿಟ್ಟಿಗೆ ಬಿದ್ದಾಗ ಅದು ತೋಳುಗಳನ್ನು ಒಳಕ್ಕೆ ಮಡಿಚಿ ಮುಷ್ಟಿಯಾಗುತ್ತದೆ. ಆಮೇಲೆ ಬಣ್ಣ ಬಿಡುತ್ತದೆ. ಪ್ರಾಣಿ ಹಳೆಯ ಮೇಣದಬತ್ತಿಯಂತೆ ಬಿಳಿಚಿಕೊಂಡು ಕೂತಿದ್ದರೆ ಸ್ಪಿರಿಟ್ಟು ಮಾತ್ರ ನೇರಳೆಹಣ್ಣು ತಿಂದವರ ನಾಲಿಗೆಯಂತಿರುತ್ತದೆ. ನಾನು ಆ ಮುಷ್ಟಿಗಳನ್ನು ತೆಗೆದು, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಕೊಕ್ಕೆಗಳನ್ನು ಎಣಿಸಿ, ಕಪ್ಪು ಮಸಿಯಲ್ಲಿ ಚಿತ್ರ ಬರೆಯುತ್ತಿದ್ದೆ. ವರ್ಷಗಟ್ಟಲೆ ಅದೇ ಕೆಲಸ. ಜೀವಂತ ಗರಿನಕ್ಷತ್ರವನ್ನು ಒಂದು ಸಲವೂ ನೋಡಿರಲಿಲ್ಲ.

ಎಪ್ಪತ್ತರ ದಶಕ ಶುರುವಾದ ಮೇಲೆ ಒಂದು ದಿನ ಸುದ್ದಿ ಬಂತು. ಅಂಡಮಾನಿನ ಆಚೆ, ಜನವಸತಿಯಿಲ್ಲದ ಎರಡು ಜ್ವಾಲಾಮುಖಿ ದ್ವೀಪಗಳ ಸುತ್ತ ಒಂದು ಸಣ್ಣ ಹಡಗು ಹೋಗುತ್ತದೆ. ಒಂದು ವಾರ ಹಡಗಿನಲ್ಲೇ ಊಟ, ಅಲ್ಲೇ ನಿದ್ದೆ. ಗಾಳಿ ತುಂಬಿದ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು ದಿನಕ್ಕೆರಡು ಮೂರು ಸಲ ಮುಳುಗುವುದು, ಸಿಕ್ಕಿದ್ದನ್ನು ತರುವುದು. ನಾನು ಆ ದಿನವೇ ನಮ್ಮ ಹಿರಿಯ ಅಧಿಕಾರಿಯ ಕೋಣೆಗೆ ಹೋದೆ. ಅವರು ಒಳ್ಳೆಯ ಮನುಷ್ಯ, ಕೋಟ್ಟಯಂ ಕಡೆಯವರು. ನಾನು ಹೇಳಿದ್ದನ್ನೆಲ್ಲ ಕೇಳಿ ಇಂಗ್ಲಿಷಿನಲ್ಲಿ, "ಹೋಗಬೇಕಾದವರು ನೀವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಡಗಿನಲ್ಲಿ ಎಲ್ಲರೂ ಗಂಡಸರು, ಇರುವುದು ಒಂದೇ ಬಚ್ಚಲು" ಎಂದರು.

"ಒಂದು ವಾರ ಸ್ನಾನ ಮಾಡದೆ ಇರುತ್ತೇನೆ ಸರ್."

ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಆ ಸೀಟು ನಮ್ಮ ಇಲಾಖೆಯ ಯಾರಿಗಾದರೂ ಹೋಗಿದ್ದರೆ ನಾಲ್ಕು ದಿನ ಮುಖ ಊದಿಸಿಕೊಂಡಿದ್ದು ಸುಮ್ಮನಾಗುತ್ತಿದ್ದೆ ಅಂದುಕೊಳ್ಳುತ್ತೇನೆ. ಅದು ಹೋದದ್ದು ನಮ್ಮ ಅಕ್ಕನ ಗಂಡನಿಗೆ. ಭಾವ ತಿರುವನಂತಪುರದಲ್ಲಿ ರಾಕೆಟ್ಟಿನ ಕೆಲಸದಲ್ಲಿದ್ದ ಎಂಜಿನಿಯರು. ಮೀನು ಅಂದರೆ ಮಾರ್ಕೆಟ್ಟಿನ ಆ ಬದಿ, ಮೂಗು ಮುಚ್ಚಿಕೊಂಡು ದಾಟಬೇಕಾದ್ದು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಆದರೆ ನೀರಿನಡಿಯಲ್ಲಿ ಫೋಟೋ ತೆಗೆಯಲು ಒಂದು ಕ್ಯಾಮೆರಾಪೆಟ್ಟಿಗೆ ಬೇಕಾಗಿತ್ತು, ಅದನ್ನು ತಯಾರಿಸುವ ಕೆಲಸ ಅವರ ವರ್ಕ್‌ಶಾಪಿಗೆ ಬಂತು. ದಪ್ಪ ಲೋಹದ ಡಬ್ಬಿ, ಮುಂದೆ ಗಾಜು, ಸಂದಿನಲ್ಲಿ ನೀರು ನುಗ್ಗದಂತೆ ರಬ್ಬರಿನ ಉಂಗುರ. ಆ ಉಂಗುರವನ್ನು ಸರಿಯಾಗಿ ಕೂರಿಸುವುದು ಅವರೊಬ್ಬರಿಗೇ ಬರುತ್ತಿತ್ತು. ಹಾಗಾಗಿ ಡಬ್ಬಿಯ ಜೊತೆಗೆ ಅವರೂ ಹೋಗಿ ನೀರಿಗಿಳಿಯಬೇಕೆಂದಾಯಿತು.

ಅಕ್ಕನೂ ನಾನೂ ಚಿಕ್ಕಂದಿನಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಕಾವೇರಿಯಲ್ಲಿ ಈಜು ಕಲಿತವರು. ನಾನು ಬೇಗ ಬುರುಡೆ ಬಿಚ್ಚಿ ಎಸೆದೆ. ಭಾವನಿಗೆ ಈಜೇ ಬರುತ್ತಿರಲಿಲ್ಲ.

ಅದನ್ನು ಕಲಿಯಲು ಅವರು ಕೊಚ್ಚಿಗೇ ಬಂದರು. ವಿಲ್ಲಿಂಗ್ಡನ್ ದ್ವೀಪದ ಒಂದು ಜೆಟ್ಟಿಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ಒಬ್ಬ ಮುಳುಗುಗಾರ ತರಬೇತಿ ಕೊಡುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ನಾನು ಬೋಟು ಹಿಡಿದು ನೋಡಲು ಹೋದೆ. ನನ್ನ ನೆನಪಿನಲ್ಲಿ ಆ ಮಧ್ಯಾಹ್ನ ಸಣ್ಣಗೆ ಮಳೆ ಬರುತ್ತಿದೆ. ದಿನಚರಿಯಲ್ಲಿ ಜನವರಿ ತಿಂಗಳು, ಸುಡುಬಿಸಿಲು ಅಂತಿದೆ. ದಿನಚರಿಯನ್ನೇ ನಂಬಬೇಕು, ಮಳೆಯನ್ನು ನನ್ನ ಮನಸ್ಸೇ ಆಮೇಲೆ ಸುರಿಸಿಕೊಂಡಿರಬೇಕು. ಭಾವ ಜೆಟ್ಟಿಯ ಮೆಟ್ಟಿಲು ಹಿಡಿದು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಹಿನ್ನೀರು ಚಹಾದ ಬಣ್ಣಕ್ಕಿತ್ತು. ಮುಖಕ್ಕೆ ಗಾಜಿನ ಮುಖವಾಡ, ಬೆನ್ನಿಗೆ ಸಿಲಿಂಡರು, ಭುಜದ ಮೇಲೆ ಒದ್ದೆ ಜನಿವಾರ. ಮುಳುಗುತ್ತಿದ್ದರು, ಕೆಮ್ಮುತ್ತ ಏಳುತ್ತಿದ್ದರು, ಮತ್ತೆ ಮುಳುಗುತ್ತಿದ್ದರು.

ನಾನು ನಿಂತ ರೀತಿಯಲ್ಲಿ ತರಬೇತಿಯವರಿಗೆ ಏನು ಕಂಡಿತೋ, ಪಕ್ಕದಲ್ಲಿದ್ದ ಇನ್ನೊಂದು ಸಿಲಿಂಡರಿನ ನಳಿಕೆಯನ್ನು ಒರೆಸಿ ನನ್ನ ಕಡೆ ಚಾಚಿ, "ಚೇಚೀ, ಒರು ಶ್ವಾಸಂ ವೇಣೋ?" ಎಂದು ಕೇಳಿದರು. ಅಕ್ಕಾ, ಒಂದು ಉಸಿರು ಬೇಕಾ ಅಂತ.

ಸೀರೆಯುಟ್ಟುಕೊಂಡು, ಕೈಯಲ್ಲಿ ಕೊಡೆ ಹಿಡಿದುಕೊಂಡು, ಒಣ ಹಲಗೆಯ ಮೇಲೆ ನಿಂತೇ ನಾನು ಒಂದು ಉಸಿರೆಳೆದೆ. ರಬ್ಬರಿನ ರುಚಿ. ಗಂಟಲಿಗೆ ತಣ್ಣಗೆ ಹೊಡೆಯುವ, ತೇವವೇ ಇಲ್ಲದ ಗಾಳಿ. ಇನ್ನೊಂದು ಉಸಿರು ಕೇಳಲು ನಾಚಿಕೆಯಾಯಿತು.

ಭಾನುವಾರಗಳಲ್ಲಿ ಪಾಠ ನನ್ನದು. ನಾನಿದ್ದ ಹೆಂಗಸರ ಹಾಸ್ಟೆಲಿನಲ್ಲಿ ಗಂಡಸರು ಬಂದರೆ ಮುಂದಿನ ಕೋಣೆಯಲ್ಲಿ ಮೇಟ್ರನ್ನಿನ ಎದುರಿಗೇ ಕೂತು ಮಾತಾಡಬೇಕಿತ್ತು. ಗರಿನಕ್ಷತ್ರದ ಪಾಠವನ್ನು ಭಾವನಿಗಿಂತ ಗಮನವಿಟ್ಟು ಕೇಳಿದವರು ಆ ಮುದುಕಿ. "ಮೋಳೇ, ಇದ್ ತಿನ್ನಾನ್ ಪಟ್ಟುಮೋ?" ಎಂದು ಒಮ್ಮೆ ಕೇಳಿದರು. ತಿನ್ನಲು ಬರುವುದಿಲ್ಲವೆಂದು ಗೊತ್ತಾದ ಮೇಲೂ ಆಸಕ್ತಿ ಬಿಡಲಿಲ್ಲ.

ನಾನು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಹಿಡಿದ ಮೇಲೆ ಏನು ಮಾಡಬೇಕೆಂದು ಹೇಳಿಕೊಟ್ಟೆ. ನೇರವಾಗಿ ಸ್ಪಿರಿಟ್ಟಿಗೆ ಹಾಕಿದರೆ ಗಾಬರಿಯಿಂದ ತೋಳುಗಳನ್ನು ತಾನೇ ಮುರಿದುಕೊಳ್ಳುವುದುಂಟು. ಆದ್ದರಿಂದ ಮೊದಲು ತಟ್ಟೆಯಲ್ಲಿ ಸಮುದ್ರದ ನೀರು, ಅದರ ಮೇಲೆ ಮೆಂಥಾಲಿನ ಹರಳು ಉದುರಿಸಿ ಮಂಪರು ಬರಿಸಬೇಕು, ಅದು ಮುಟ್ಟಿದರೂ ಅಲುಗದಂತಾದ ಮೇಲೆ ಸ್ಪಿರಿಟ್ಟು. ಒಂದು ಸೀಸೆ ಮೆಂಥಾಲು, ಆರು ಜಾಡಿ, ಎಲ್ಲ ಕಟ್ಟಿಕೊಟ್ಟೆ.

"ಏನಮ್ಮ, ಇಷ್ಟೆಲ್ಲ ಹೇಳ್ದೆ, ಕಚ್ಚತ್ತೋ ಇಲ್ವೋ ಅದನ್ನ ಮಾತ್ರ ಹೇಳ್ಲಿಲ್ಲ" ಎಂದರು ಭಾವ.

"ಕಚ್ಚಲ್ಲ ಭಾವ. ಅದಕ್ಕೆ ಹಲ್ಲಿಲ್ಲ."

"ಅಷ್ಟು ಗೊತ್ತಾದ್ರೆ ಸಾಕು."

ಚಿತ್ರವನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡರು. ನನ್ನ ಆಯುಷ್ಯದ ಅಷ್ಟು ವರ್ಷ ಅವರ ಅಂಗಿಜೇಬಿನಲ್ಲಿ ಪೆನ್ನಿನ ಪಕ್ಕ ಕೂತುಬಿಟ್ಟಿತು.

ಮದ್ರಾಸಿಗೆ ರೈಲು, ಅಲ್ಲಿಂದ ಪೋರ್ಟ್ ಬ್ಲೇರಿಗೆ ದೊಡ್ಡ ಹಡಗು, ಅಲ್ಲಿಂದ ದ್ವೀಪಗಳಿಗೆ ಆ ಸಣ್ಣ ಹಡಗು. ಅವರು ದ್ವೀಪಗಳ ಹತ್ತಿರವಿರುತ್ತಾರೆ ಎಂದು ಗೊತ್ತಿದ್ದ ವಾರ ನಾನು ರಜೆ ಹಾಕಿ ತಿರುವನಂತಪುರಕ್ಕೆ ಹೋದೆ. ಅಕ್ಕನಿಗೆ ಜೊತೆಯಾಗಲು ಅಂತ ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಒಬ್ಬಳೇ ಕೂತು ಹೊಟ್ಟೆಕಿಚ್ಚು ಪಡುವುದು ಕಷ್ಟವಾಗಿತ್ತು ಅಂತ ಈಗ ಅನ್ನಿಸುತ್ತದೆ. ಯಾವುದು ನಿಜ? ಎರಡೂ ಒಂದೇ ಚೀಲದಲ್ಲಿದ್ದವು.

ಅಕ್ಕ ಅಲ್ಲಿನ ಪಟ್ಟಂ ಬಡಾವಣೆಯ ಒಂದು ಬಾಡಿಗೆ ಮನೆಯಲ್ಲಿದ್ದಳು. ಅವಳ ಮಗಳಿಗೆ ಆಗ ಐದೋ ಆರೋ ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಸಂಜೆ ಕಡಲತೀರದಿಂದ ರಾಕೆಟ್ಟು ಹಾರಿ ದೂರದಲ್ಲಿ ಗುಡುಗಿದಂತೆ ಸದ್ದಾದರೆ, ಬಣ್ಣದ ಪುಸ್ತಕದಿಂದ ತಲೆಯೆತ್ತದೆ, "ಅಪ್ಪಂದು ಪೋಯಿ", ಅಪ್ಪನದು ಹೋಯಿತು, ಅನ್ನುತ್ತಿದ್ದಳು. ಅಪ್ಪ ಊರಿನಲ್ಲಿಲ್ಲದ ಆ ವಾರವೂ ಹಾಗೇ ಅಂದಳು.

ಅಕ್ಕನಿಗೆ ಭಯ. ನೀರು ಕಂಡರೆ ಮೈ ಬಿಗಿ ಮಾಡುವ ಮನುಷ್ಯ, ಏನಾದರೂ ಆದರೆ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ನಾನು ಸಮಾಧಾನ ಹೇಳುತ್ತಿದ್ದೆ. ಸಮಾಧಾನ ಹೇಳುವಾಗ ಒಂದು ವಿಷಯ ಗಮನಕ್ಕೆ ಬಂತು: ನನಗೆ ಭಯವೇ ಆಗಿರಲಿಲ್ಲ. ಭಾವನ ಬಗ್ಗೆ ಅಕ್ಕರೆ ಇಲ್ಲ ಅಂತಲ್ಲ. ಭಯಕ್ಕೆ ಜಾಗವೇ ಇರಲಿಲ್ಲ. ತಿಂಡಿ ತಿನ್ನುವಾಗ, ಈಗ ಮೊದಲನೆಯ ಸಲ ಇಳಿದಿರುತ್ತಾರೆ. ಪಾತ್ರೆ ತೊಳೆಯುವಾಗ, ಈಗ ಮೇಲೆ ಬಂದು ಹಡಗಿನ ಹಲಗೆಯ ಮೇಲೆ ಒದ್ದೆ ಕಾಲು ಚಾಚಿ ಕೂತಿರುತ್ತಾರೆ. ಕುಳಿಯಿಂದ ಹಬೆ ಏಳುತ್ತಿರುತ್ತದೆ. ಆ ಹೊತ್ತಿಗೆ ನಾನು ಅಕ್ಕನ ಮನೆಯ ಹಿತ್ತಿಲಿನಲ್ಲಿ ಬೂದಿ ಹಾಕಿ ತಪ್ಪಲೆ ಉಜ್ಜುತ್ತಿದ್ದೆ.

"ಊಟಕ್ಕೆ ಕೂತಾಗ್ಲೂ ಮುಳುಗೇ ಇರ್ತೀಯಲ್ಲೇ" ಎಂದಳು ಅಕ್ಕ. ಆಮೇಲೆ ತಟ್ಟೆಗೆ ಹುಳಿ ಬಡಿಸುತ್ತ, "ಬೇರೆ ಮನೇಲಿ ಗಂಡ ಹೋದ ಅಂತ ಕಣ್ಣೀರು ಹಾಕ್ತಾರೆ. ನಮ್ಮನೇಲಿ ಸೀಟು ಹೋಯ್ತು ಅಂತ ಹಾಕೋಳು ಒಬ್ಬಳಿದಾಳೆ" ಎಂದಳು.

"ನಾನೇನು ಅಳ್ತಿಲ್ಲ."

"ಅತ್ತುಬಿಡೇ, ಹಗುರಾಗತ್ತೆ. ಹುಳಿಗೆ ಉಪ್ಪು ಕಮ್ಮಿ ಬೇರೆ ಆಗಿದೆ."

ಭಾವ ಮೂಗಿನ ಮೇಲೆ ಸುಲಿದ ಚರ್ಮದೊಂದಿಗೆ ಕ್ಷೇಮವಾಗಿ ಬಂದರು. ಮುಂದಿನ ಶನಿವಾರ ನಾನು ಮತ್ತೆ ಮೀಟರ್‌ಗೇಜ್ ರೈಲಿನಲ್ಲಿ ಕೂತು ತಿರುವನಂತಪುರಕ್ಕೆ ಹೋದೆ. ನಾನು ಕೊಟ್ಟ ಜಾಡಿಗಳು ಊಟದ ಮೇಜಿನ ಮೇಲೆ ಸಾಲಾಗಿದ್ದವು. ಎಲ್ಲ ಖಾಲಿ. ಮೆಂಥಾಲಿನ ಸೀಸೆಯ ಮುಚ್ಚಳವನ್ನು ಅಕ್ಕ ತೆಗೆದು ನೆಗಡಿಯಾದ ಮಗಳ ಮೂಗಿಗೆ ಹಿಡಿಯುತ್ತಿದ್ದಳು.

"ಬೇಜಾರು ಮಾಡ್ಕೋಬೇಡಮ್ಮ. ನೀನು ಹೇಳಿದ್ದು ಒಂದೂ ಸಿಗ್ಲಿಲ್ಲ" ಎಂದರು ಭಾವ.

ನನಗೆ ಒಳಗೆ ಎಲ್ಲೋ ತಣ್ಣಗಾಯಿತು. ಸಿಗದಿದ್ದರೆ ಅವರು ನೋಡಿಯೂ ಇಲ್ಲ. ನೋಡದಿದ್ದರೆ ನಾವಿಬ್ಬರೂ ಸಮ. ಮಾರ್ಕು ಕಡಿಮೆ ಬಂದ ಗೆಳತಿಯನ್ನು ಸಂತೈಸುವ ದನಿಯಲ್ಲಿ, "ಹೋಗಲಿ ಬಿಡಿ ಭಾವ, ಫೋಟೋಗಳಾದ್ರೂ ಬಂದಿವೆಯಲ್ಲ" ಎಂದೆ.

ಫೋಟೋಗಳೂ ಬಂದಿರಲಿಲ್ಲ. ಎರಡನೆಯ ದಿನ ಪೆಟ್ಟಿಗೆ ತೆರೆದು ಮುಚ್ಚುವಾಗ ರಬ್ಬರಿನ ಉಂಗುರಕ್ಕೆ ಆ ದ್ವೀಪದ ಕಪ್ಪು ಮರಳಿನ ಒಂದೇ ಒಂದು ಕಣ ಅಂಟಿಕೊಂಡಿತ್ತು. ಉಂಗುರವೂ ಕಪ್ಪು, ಮರಳೂ ಕಪ್ಪು, ಕಾಣಲಿಲ್ಲ. ನೀರಿಗಿಳಿದ ಮೇಲೆ ಆ ಸಂದಿನಿಂದ ಸಮುದ್ರ ಒಳಗೆ ಹೋಯಿತು. ಕ್ಯಾಮೆರಾ ಸತ್ತುಹೋಯಿತು.

"ಹಾಗಾದ್ರೆ ಮಿಕ್ಕ ದಿನ ಏನು ಮಾಡಿದಿರಿ?"

"ಏನೂ ಇಲ್ಲ. ನನಗೆ ಕೆಲ್ಸಾನೇ ಇರ್ಲಿಲ್ವಲ್ಲ. ಸುಮ್ನೆ ಇಳಿಯೋದು, ಸುತ್ತಾಡೋದು, ಬರೋದು. ಮೊದಮೊದಲು ಭಯ ಆಗ್ತಿತ್ತು. ಆಮೇಲೆ ಏನಮ್ಮ, ತೇಲ್ತಾ ಇದ್ರೆ ಮೈಗೆ ತೂಕಾನೇ ಇಲ್ಲ. ಕನಸಿನಲ್ಲಿ ಹಾರ್ತೀವಲ್ಲ, ಹಾಗೆ."

ಮಾಡಲು ಕೆಲಸವಿಲ್ಲದೆ, ತರಲು ವಸ್ತುವಿಲ್ಲದೆ, ಆ ನೀರಿನಲ್ಲಿ ಒಬ್ಬ ಮನುಷ್ಯ ದಿನವೂ ಸುಮ್ಮನೆ ಸುತ್ತಾಡಿದ. ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳಿಕೊಂಡಿರಲಿಲ್ಲ. ಕಿಚ್ಚು ಹೊಟ್ಟೆಯಲ್ಲಿರುತ್ತದೆ ಅನ್ನುವುದು ಮಾತಿಗೆ ಮಾತ್ರವಲ್ಲ. ಪಕ್ಕೆಯ ಕೆಳಗೆ ನಿಜವಾಗಿ ಉರಿಯಿತು. ನೀರು ಕುಡಿದೆ.

ಅಕ್ಕ ಒಳಗಿನಿಂದ ನ್ಯೂಸ್‌ಪೇಪರಿನ ಪೊಟ್ಟಣವೊಂದನ್ನು ತಂದಳು. "ನನಗೋಸ್ಕರ ಏನು ತಂದಿದಾರೆ ನೋಡೇ. ಸಮುದ್ರದ ಜರೀಗಿಡವಂತೆ. ಶೋಕೇಸಿಗೆ ಇಟ್ಕೋ ಅಂತ ತಂದ್ರು, ಇಲ್ಲಿಗೆ ಬರೋಷ್ಟರಲ್ಲಿ ಪುಡಿಪುಡಿ. ಹೆಂಡ್ತಿಗೆ ತರೋದು ಯಾವಾಗ್ಲೂ ಇಂಥದೇ."

ಸಮುದ್ರದಲ್ಲಿ ಜರೀಗಿಡ ಬೆಳೆಯುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪೊಟ್ಟಣ ಬಿಚ್ಚಿದ್ದೆ.

ಒಣಗಿದ ಗರಿಗಳು, ಕಪ್ಪು, ತುದಿಯಲ್ಲಿ ಅರಿಸಿನದ ಹಳದಿ. ಮುರಿದ ತೋಳುಗಳ ತುಂಡುಗಳ ನಡುವೆ ಗುಂಡಿಯಷ್ಟು ಒಡಲು. ಅದನ್ನು ಮಗುಚಿದೆ. ಅಡಿಯಲ್ಲಿ ಕೊಕ್ಕೆಗಳು. ಎಣಿಸುವ ಅಗತ್ಯವಿರಲಿಲ್ಲ.

"ಇಂಥದು ಎಷ್ಟಿದ್ವು ಭಾವ?"

"ಅಯ್ಯೋ, ಲೆಕ್ಕ ಉಂಟಾ? ಬಂಡೆ ಬಂಡೆಗೂ. ಇಳಿಜಾರಿನುದ್ದಕ್ಕೂ ಇದೇ. ಕಪ್ಪು, ಹಳದಿ, ಒಂದೊಂದು ಕಡೆ ಕುಂಕುಮದ ಕೆಂಪು. ಅದರ ಮಧ್ಯೆ ನಿಂದನ್ನ ಹುಡುಕಿ ಹುಡುಕಿ ನನಗೆ ಸಾಕಾಗಿಹೋಯ್ತು." ಜೇಬಿನಿಂದ ನನ್ನ ಚಿತ್ರ ತೆಗೆದರು. ಮಡಿಕೆಗಳಲ್ಲಿ ಹಾಳೆ ಹರಿದಿತ್ತು. "ಇಂಥದು ಎಲ್ಲೂ ಕಾಣ್ಲಿಲ್ಲ."

ಹಾಳೆಯ ಮೇಲೆ ಒಂದು ಮುಷ್ಟಿಯಿತ್ತು. ಬಿಳಿಚಿದ, ಬಿಗಿಯಾಗಿ ಮುಚ್ಚಿದ, ಜಾಡಿಯ ಮುಷ್ಟಿ.

ಪುಸ್ತಕಗಳಲ್ಲಿ ಅರಳಿದ ಗರಿನಕ್ಷತ್ರದ ಚಿತ್ರಗಳನ್ನು ನಾನು ನೋಡಿರಲಿಲ್ಲವೇ? ನೋಡಿದ್ದೆ. ಆದರೆ ಅಷ್ಟು ವರ್ಷ ನನ್ನ ಚಿಮಟಕ್ಕೆ ಸಿಕ್ಕಿದ್ದು ಮುಷ್ಟಿ, ಕೈ ಬರೆದದ್ದು ಮುಷ್ಟಿ. ಗರಿನಕ್ಷತ್ರ ಬರೆಯೆಂದರೆ ಕೈ ಅದನ್ನೇ ಬರೆಯಿತು. ಸ್ಪಿರಿಟ್ಟಿನ ಕೋಣೆಯಲ್ಲಿ ಕೆಲಸ ಮಾಡುವವರಿಗಲ್ಲದೆ ಬೇರೆ ಯಾರಿಗೂ ಈ ತಪ್ಪು ಮಾಡಲು ಸಾಧ್ಯವಿಲ್ಲ. ಇಷ್ಟೇನಾ, ಅಥವಾ ಅವರಿಗೆ ಸಿಗದಿರಲಿ ಎಂಬ ಆಸೆಯೂ ಪೆನ್ನಿನ ತುದಿಯಲ್ಲಿತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಂದಿನ ದಿನಚರಿಯಲ್ಲಿ 'ಭಾವನಿಗೆ ಪಾಠ. ಮೇಟ್ರನ್ ಚಹಾ ಕೊಟ್ಟರು' ಎಂದಷ್ಟೇ ಇದೆ.

"ಭಾವ, ಇದೇ ಅದು" ಎಂದೆ.

ಅವರು ಚಿತ್ರ ನೋಡಿದರು, ಪೊಟ್ಟಣ ನೋಡಿದರು. ಅಕ್ಕ ಮೊದಲು ನಕ್ಕಳು. ಆಮೇಲೆ ಭಾವ ಹಣೆಗೆ ಕೈ ಹೊಡೆದುಕೊಂಡು, "ಅದಕ್ಕೇನಾ ಅದು ಈಜಿದ್ದು! ಗಿಡ ಈಜಿತಲ್ಲ ಅಂತ ನಾನು ಯಾರಿಗೂ ಹೇಳ್ದೆ ಸುಮ್ಮನಿದ್ದೆ" ಎಂದರು.

ಈಜಿದ್ದು. ಗರಿನಕ್ಷತ್ರ ಬಂಡೆಯನ್ನು ಬಿಟ್ಟು ಈಜಬಲ್ಲದು ಎಂದು ಓದಿದ್ದೆ. ಅದನ್ನು ಕಂಡವರು ಯಾರೂ ನನಗೆ ಗೊತ್ತಿರಲಿಲ್ಲ.

"ಹೇಗೆ ಈಜಿತು? ತೋರಿಸಿ."

ಕೊನೆಯ ದಿನವಂತೆ. ಅವರ ಕಾಲು ತಗಲಿ ಒಂದು 'ಗಿಡ' ಬಂಡೆಯಿಂದ ಬಿಟ್ಟುಕೊಂಡಿತಂತೆ. ಭಾವ ಊಟದ ಮೇಜಿನ ಮೇಲೆ ಎರಡೂ ಕೈಯೆತ್ತಿ, ಮಣಿಕಟ್ಟು ಜೋಡಿಸಿ, ಹತ್ತು ಬೆರಳು ಬಿಡಿಸಿದರು. ಒಂದು ಬೆರಳು ಇಳಿಯಿತು, ಅದರ ಪಕ್ಕದ್ದು ಏರಿತು. ಏರಿದ್ದು ಇಳಿಯಿತು, ಇಳಿದದ್ದು ಏರಿತು. ಆತುರವೇ ಇಲ್ಲ. ಕಪ್ಪು ಮರಳಿನ ಮೇಲೆ ಅದು ಹಾಗೆಯೇ ನೀಲಿಗೆ ಹೋಗಿಬಿಟ್ಟಿತಂತೆ.

"ಹಿಡೀಲಿಲ್ವಾ?"

"ಹಿಡಿಯೋದು ಮರೆತೇಹೋಯ್ತಮ್ಮ."

ಮಗಳು ಓಡಿಬಂದು ತನ್ನ ಹತ್ತು ಬೆರಳನ್ನೂ ಕುಣಿಸಿದಳು. ನಾನೂ ಮಾಡಿನೋಡಿದೆ. ಅಕ್ಕಪಕ್ಕದ ಬೆರಳುಗಳನ್ನು ಹಾಗೆ ಬೇರೆ ಬೇರೆ ಆಡಿಸುವುದು ಸುಲಭವಲ್ಲ.

ಪೊಟ್ಟಣವನ್ನು ಕೊಚ್ಚಿಗೆ ತಂದು ತುಂಡುಗಳನ್ನು ಜೋಡಿಸಿ ಜಾಡಿಗೆ ಹಾಕಿದೆ. ಜಾಡಿಯ ಚೀಟಿಯ ಮೇಲೆ ನಮ್ಮಲ್ಲಿ ಎರಡು ಹೆಸರು ಬರೆಯುವ ಪದ್ಧತಿ: ಮೇಲೆ ತಂದವರದು, ಕೆಳಗೆ ಗುರುತಿಸಿದವರದು. ಹಾಗೆಯೇ ಬರೆದೆ, ಸರಿಯಾದ ಕ್ರಮದಲ್ಲಿ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ದೊಡ್ಡ ಗೇಜಿನ ರೈಲು ಬಂದು ತಿರುವನಂತಪುರ ಹತ್ತಿರವಾಗಿತ್ತು. ಮತ್ತೆ ಅಂಥ ಹಡಗು ಹೊರಟಾಗಲೂ ಬಚ್ಚಲು ಒಂದೇ ಇತ್ತು. ಒಂದು ಓಣಂ ರಜೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಅಕ್ಕನ ಮಗಳು ಹೈಸ್ಕೂಲಿಗೆ ಬಂದಿದ್ದಳು. ಪಕ್ಕದ ಮನೆಯವರು ಭಾವನನ್ನು ಆ ಸಮುದ್ರಯಾನದ ಬಗ್ಗೆ ಕೇಳಿದ್ದರಂತೆ. ಭಾವ ನನ್ನ ಕಡೆ ತಿರುಗಿ, "ಅದು ಕಪ್ಪಗಿತ್ತಾ, ಹಳದಿ ಇತ್ತಾ? ನೀನೇ ಹೇಳಮ್ಮ, ನನಗೆ ಎಲ್ಲ ಕಲಸಿಹೋಗಿದೆ" ಎಂದರು.

ಹೇಳಿದೆ. ಕಪ್ಪು, ತುದಿಗೆ ಅರಿಸಿನ. ಇಳಿಜಾರು, ಬಂಡೆಗಳು, ಕಾಲು ತಗಲಿದ್ದು, ಎಲ್ಲ ಹೇಳಿದೆ. ಹೇಳುವಾಗ ನನಗೆ ಎಲ್ಲವೂ ಕಾಣುತ್ತಿತ್ತು. ಭಾವ ಮೊದಲ ಸಲ ಕೇಳುವವರಂತೆ ಕೇಳುತ್ತ ಅನ್ನ ಕಲಸುತ್ತಿದ್ದರು. ಅವರು ಹೋಗಿದ್ದಕ್ಕಿಂತ, ಹೋಗಿಬಂದು ಅದನ್ನು ಮರೆಯಬಲ್ಲರು ಅನ್ನುವುದು ನನ್ನನ್ನು ಹೆಚ್ಚು ಉರಿಸಿತು.

ಹುಡುಗಿ ಕೇಳಿದಳು, ಅವಳ ಅರೆ ಕನ್ನಡದಲ್ಲಿ: "ಚಿಕ್ಕಮ್ಮ ಆ ದ್ವೀಪಕ್ಕೆ ಪೋಯಪ್ಪೋ, ಅಪ್ಪ ಮನೇಲಿ ಇದ್ರಾ?"

ಭಾವ ನಕ್ಕರು. "ಹೂಂ ಕಣೆ. ನಿಮ್ಮ ಚಿಕ್ಕಮ್ಮ ಹೋಗಿದ್ಲು. ನಾನು ಮನೇಲೇ ಇದ್ದೆ."

ಇಡೀ ವಾರವನ್ನು ಹಪ್ಪಳ ದಾಟಿಸಿದಷ್ಟು ಸಲೀಸಾಗಿ ನನ್ನ ಕಡೆಗೆ ದಾಟಿಸಿಬಿಟ್ಟರು. ಪ್ರೀತಿಯಿಂದಲೇ. ಅಕ್ಕ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಸುಮ್ಮನಿದ್ದಿದ್ದರೆ ಅದು ನನ್ನದಾಗಿಬಿಡುತ್ತಿತ್ತು, ಇನ್ನು ಕೆಲವು ವರ್ಷಕ್ಕೆ ನನಗೂ ಸಂಶಯ ಉಳಿಯುತ್ತಿರಲಿಲ್ಲ.

"ಇಲ್ಲ ಪುಟ್ಟಿ, ಹೋಗಿದ್ದು ನಿಮ್ಮಪ್ಪ" ಎಂದೆ. "ನಾನು ಹೋಗಲಿಲ್ಲ. ನನ್ನನ್ನ ಬಿಡಲಿಲ್ಲ."

"ಮತ್ತೆ ಅದು ಈಜೋದು ನಿಮಗೆ ಹೆಂಗೆ ಗೊತ್ತು?"

ಬಲಗೈ ಎಂಜಲಾಗಿತ್ತು, ಬೆರಳುಗಳಿಗೆಲ್ಲ ಮೊಸರನ್ನ. ಎಡಗೈಯನ್ನು ಮಾತ್ರ ಎತ್ತಿ ಐದು ಬೆರಳು ಬಿಡಿಸಿದೆ. ಒಂದು ಇಳಿಯಿತು, ಪಕ್ಕದ್ದು ಏರಿತು. ಭಾವ ತಮ್ಮ ಎಡಗೈ ತಂದು ನನ್ನ ಮಣಿಕಟ್ಟಿಗೆ ಜೋಡಿಸಿ, ಹೇಗೆ ಅಂತ ನನ್ನ ಬೆರಳುಗಳನ್ನೇ ನೋಡುತ್ತ, ಆಡಿಸಲು ಶುರುಮಾಡಿದರು. ಅವರದು ತಾಳ ತಪ್ಪುತ್ತಿತ್ತು.